ಮುಳ್ಳು ತಿರುಗಿಸಬೇಡಿ, ಊರು ಬದಲಿಸಿ

ಜೆ.ಪಿ. ನಗರದ ನಿವೃತ್ತ ಮೇಷ್ಟರೊಬ್ಬರಿಗೆ ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಮಗ ತನ್ನ ಹಳೆಯ ಲ್ಯಾಪ್‌ಟಾಪ್ ಕೊಟ್ಟು ಹೋದ. ಅದು ಅಲ್ಲಿಯ ಗಂಟೆಯನ್ನೇ ತೋರಿಸುತ್ತಿತ್ತು. ಮೇಷ್ಟರು ಗೋಡೆ ಗಡಿಯಾರ ನೋಡಿ ಕೈಯಾರೆ ತಿದ್ದಿದರು. ಮಂಡಿ ಶಸ್ತ್ರಚಿಕಿತ್ಸೆಯಾದ ಮೇಲೆ, ಪ್ರತಿ ಸೋಮವಾರ ಬೆಳಿಗ್ಗೆ 10ಕ್ಕೆ ಫಿಸಿಯೋಥೆರಪಿ ಎಂದು ಅದರ ಕ್ಯಾಲೆಂಡರಿನಲ್ಲಿ ಬರೆದಿಟ್ಟರು. ಬಿಟಿಎಂ ಲೇಔಟ್‌ನ ಮಗಳ ಕಂಪ್ಯೂಟರಿನಲ್ಲೂ ಅದು ಕಾಣುತ್ತದೆ. ಕರೆದೊಯ್ಯುವವಳು ಅವಳೇ.

ಫೆಬ್ರುವರಿಯ ಒಂದು ಸೋಮವಾರ ಒಂಬತ್ತೂವರೆಗೇ ಮೇಷ್ಟರು ಊರುಗೋಲು ಹಿಡಿದು ಗೇಟಿನ ಬಳಿ ನಿಂತರು. ಮಗಳ ಸುಳಿವಿಲ್ಲ. ಫೋನ್ ಮಾಡಿದರೆ, ‘ಅಪ್ಪಾ, ನೀವೇ ರಾತ್ರಿ 8.30 ಅಂತ ಬರೆದಿದ್ದೀರಲ್ಲ!’ ಎಂದಳು. ಮುಂದಿನ ವಾರಗಳನ್ನು ನೋಡಿದರೆ ಇನ್ನೂ ವಿಚಿತ್ರ. ಮಾರ್ಚ್ ಎರಡನೇ ಭಾನುವಾರದವರೆಗೆ 8.30, ಆಮೇಲೆ 7.30! ತನಗೆ ಮರೆವು ಶುರುವಾಯಿತೇ ಎಂದು ಮೇಷ್ಟರು ಒಳಗೊಳಗೇ ಅಂಜಿದರು.

ಮರೆವಲ್ಲ. ಲ್ಯಾಪ್‌ಟಾಪಿನ ಗಂಟೆ ಬದಲಾಗಿತ್ತು, ಊರು ಬದಲಾಗಿರಲಿಲ್ಲ. ಮೇಷ್ಟರು ಬರೆದ 10 ಗಂಟೆಯನ್ನು ಅದು ನ್ಯೂಯಾರ್ಕಿನ 10 ಗಂಟೆ ಎಂದೇ ತಿಳಿಯಿತು. ಚಳಿಗಾಲದಲ್ಲಿ ಅಲ್ಲಿ ಬೆಳಿಗ್ಗೆ 10 ಎಂದರೆ ನಮಗೆ ರಾತ್ರಿ 8.30. ಬೇಸಿಗೆಯ ದೀರ್ಘ ಹಗಲನ್ನು ಬಳಸಿಕೊಳ್ಳಲು ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. 2007ರಿಂದ ಇದು ಮಾರ್ಚ್ ಎರಡನೇ ಭಾನುವಾರ ಆರಂಭವಾಗಿ ನವೆಂಬರ್ ಮೊದಲ ಭಾನುವಾರ ಮುಗಿಯುತ್ತದೆ. ಆಗ ನಮಗೆ 7.30. ಎರಡನೇ ಮಹಾಯುದ್ಧದ ವೇಳೆ, 1942ರಿಂದ 1945ರವರೆಗೆ, ನಮ್ಮಲ್ಲೂ ಗಡಿಯಾರ ಹೀಗೇ ಒಂದು ಗಂಟೆ ಮುಂದಿತ್ತು. ಈಗ ವರ್ಷವಿಡೀ ನಮ್ಮದು ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿನ ಒಂದೇ ಕಾಲಮಾನ.

ಪರಿಹಾರ ಸುಲಭ. ಗಂಟೆಯನ್ನು ಮುಟ್ಟಬೇಡಿ. ಡೇಟ್ ಅಂಡ್ ಟೈಮ್ ವಿಭಾಗಕ್ಕೆ ಹೋಗಿ ಟೈಮ್ ಝೋನ್ ಬದಲಿಸಿ. ವಿಂಡೋಸ್ ಪಟ್ಟಿಯಲ್ಲಿ ‘ಚೆನ್ನೈ, ಕೋಲ್ಕತ್ತ, ಮುಂಬೈ, ನವದೆಹಲಿ’ ಎಂದಿರುತ್ತದೆ. ಬೆಂಗಳೂರಿನ ಹೆಸರಿಲ್ಲವೆಂದು ಬೇಸರ ಬೇಡ, ಅದೇ ನಮ್ಮದೂ. ಇಂಟರ್‌ನೆಟ್‌ನಿಂದ ತಾನಾಗಿ ಸಮಯ ಪಡೆಯುವ ಸೌಲಭ್ಯವನ್ನೂ ಚಾಲೂ ಮಾಡಿ. ಕೆಲವು ಕ್ಯಾಲೆಂಡರುಗಳಿಗೆ ತಮ್ಮದೇ ಟೈಮ್ ಝೋನ್ ಇರುತ್ತದೆ, ಅದನ್ನೂ ನೋಡಿ. ಇಷ್ಟಾದರೂ ಹಿಂದೆ ತಪ್ಪಾಗಿ ದಾಖಲಾದದ್ದು ತಾನಾಗಿ ಸರಿಹೋಗದು. ಅಳಿಸಿ ಹೊಸದಾಗಿ ಬರೆಯಬೇಕು.

ಮಗಳು ಅಂದು ಸಂಜೆಯೇ ಬಂದು ಇಷ್ಟನ್ನೂ ಮಾಡಿದಳು. ಮುಂದಿನ ಸೋಮವಾರ ಒಂಬತ್ತೂವರೆಗೆ ಗೇಟಿನ ಮುಂದೆ ಆಟೋ ನಿಂತಿತ್ತು.

ಮನೆಯ ಹಿರಿಯರು ಹೊತ್ತು ತಪ್ಪಿದಂತೆ ಕಂಡರೆ ಮೊದಲು ಅವರ ಕಂಪ್ಯೂಟರ್ ಯಾವ ಊರಿನಲ್ಲಿದೆ ಎಂದು ನೋಡಿ. ಮರೆವಿನ ಮಾತು ಆಮೇಲೆ.