ಬೆಂಕಿಯೊಡನೆ ಸೆಣಸಿ, ಮೇಳದೊಡನೆ ಬಾಳಿದವರು

ಊರಿನಲ್ಲಿ ಹಿರಿಯರೊಬ್ಬರು ಲಿಂಗೈಕ್ಯರಾದಾಗ ಅವರ ಮನೆತನ, ಹೊಲಮನೆ, ಅಧಿಕಾರಗಳ ಮಾತು ಮೊದಲು ಬರುವುದು ಲೋಕರೂಢಿ. ಈಚೆಗೆ ನಮ್ಮ ಊರಿನಲ್ಲಿ ಕಣ್ಮುಚ್ಚಿದ ಹಿರಿಯರೊಬ್ಬರನ್ನು ಮಾತ್ರ ಜನರು ಬೇರೆ ಬಗೆಯಲ್ಲಿ ನೆನೆದರು. "ನಮ್ಮ ಬಣವಿಗೆ ಬೆಂಕಿ ಬಿದ್ದಾಗ ಓಡಿ ಬಂದವರು ಅವರು" ಎಂದು ಕೆಲವರು ಹೇಳಿದರೆ, "ನಮ್ಮ ಮದುವೆಯ ಮೆರವಣಿಗೆಯಲ್ಲಿ ಸನಾದಿ ನುಡಿಸಿದವರು ಅವರು" ಎಂದು ಮತ್ತೆ ಕೆಲವರು ಹೇಳಿದರು. ತಮ್ಮ ಹೆಸರು ಅಚ್ಚಾಗುವುದನ್ನು ಅವರು ಬದುಕಿದ್ದಾಗಲೂ ಒಪ್ಪಿದವರಲ್ಲ. ಆದುದರಿಂದ ಊರ ಮಕ್ಕಳು ಕರೆಯುತ್ತಿದ್ದಂತೆ ನಾವೂ ಅವರನ್ನು 'ಫಾಯರ್ ಕಾಕಾ' ಎಂದೇ ಇಲ್ಲಿ ಕರೆಯುತ್ತೇವೆ.

ಅಂದಿನ ಮೈಸೂರು ರಾಜ್ಯವು ಅಗ್ನಿಶಾಮಕ ದಳಕ್ಕೆಂದು ಪ್ರತ್ಯೇಕ ಕಾಯಿದೆಯನ್ನು ಮಾಡಿದ್ದು 1964ರಲ್ಲಿ. ಅದಾದ ಕೆಲವು ವರ್ಷಗಳಲ್ಲಿ ಕಾಕಾ ತರುಣರಾಗಿ ಆ ದಳವನ್ನು ಸೇರಿದರು. ಉತ್ತರ ಕರ್ನಾಟಕದ ಹಲವು ಠಾಣೆಗಳಲ್ಲಿ ದುಡಿದು ನಿವೃತ್ತರಾಗಿ ಊರಿಗೆ ಮರಳಿದರು. ಅವರ ತಂದೆಯವರು ಓಣಿಯ ಕರಡಿ ಮಜಲಿನಲ್ಲಿ ಕರಡಿ ಬಾರಿಸುತ್ತಿದ್ದರು. ಮಗ ಹಿಡಿದದ್ದು ಸನಾದಿ. ನೌಕರಿಯಲ್ಲಿದ್ದಷ್ಟು ಕಾಲ ಹಣಕ್ಕಾಗಿ ನುಡಿಸಿದವರಲ್ಲ. ರಜೆ ದೊರೆತಾಗ ಜಾತ್ರೆಗೋ ಬಂಧುಗಳ ಮದುವೆಗೋ ಮೇಳದೊಡನೆ ಹೋಗಿ, ಪ್ರಸಾದ ಸ್ವೀಕರಿಸಿ ಬರುತ್ತಿದ್ದರು.

ಅಗ್ನಿಶಾಮಕ ದಳದವರೆಂದರೆ ನೀರು ಹೊಡೆದು ಬೆಂಕಿ ಆರಿಸುವವರು ಎಂದಷ್ಟೇ ನಾವು ತಿಳಿದಿರುತ್ತೇವೆ. ಬಾವಿಗೆ ಬಿದ್ದ ಎತ್ತನ್ನು ಮೇಲೆತ್ತುವವರೂ ಅವರೇ, ಹೊಳೆ ಉಕ್ಕಿದಾಗ ದೋಣಿ ತರುವವರೂ ಅವರೇ. ಬಣವಿಯ ಬೆಂಕಿ ಎಷ್ಟು ಕಪಟದ್ದೆಂಬುದನ್ನು ಕಾಕಾ ಸೊಗಸಾಗಿ ವಿವರಿಸುತ್ತಿದ್ದರು. ಮೇಲಿನಿಂದ ಸುರಿದ ನೀರು ಹುಲ್ಲಿನ ಹೊರಮೈಯಿಂದಲೇ ಜಾರಿ ಹೋಗುತ್ತದೆ. ಒಡಲೊಳಗೆ ಕೆಂಡ ಹಾಗೆಯೇ ಉಳಿದು ನಡುರಾತ್ರಿ ಮತ್ತೆ ಉರಿದೇಳುತ್ತದೆ. ಆದುದರಿಂದ ಬಣವಿಯನ್ನು ಎಳೆದು, ಹರವಿ, ನೆನೆಸಲೇಬೇಕು. ವರ್ಷದ ಮೇವು ಕಣ್ಣೆದುರೇ ಚೆಲ್ಲಾಪಿಲ್ಲಿಯಾಗುವುದನ್ನು ಕಂಡ ರೈತನು ಸಿಟ್ಟಿನಿಂದ ಬೈದರೆ, ಕಾಕಾ ಎದುರಾಡದೆ, "ಬೈರಿ ಯಜಮಾನ್ರ, ಆದ್ರ ಒಂದು ಕೈ ಹಚ್ಚರಿ" ಎನ್ನುತ್ತಿದ್ದರಂತೆ.

ಇನ್ನೊಂದು ಸಂಗತಿಯನ್ನು ಅವರ ಜೊತೆಗಾರರು ನಮಗೆ ತಿಳಿಸಿದರು. ಸಾಮಾನ್ಯವಾಗಿ ಒಂದು ದೊಡ್ಡ ಅಗ್ನಿಶಾಮಕ ವಾಹನ ಹೊತ್ತು ತರುವ ನೀರು ಸುಮಾರು 4,500 ಲೀಟರು. ಉರಿ ದೊಡ್ಡದಾದರೆ ಅದು ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಮುಂದಿನ ನೀರು ಎಲ್ಲಿಯದು? ಯಾವ ಹಳ್ಳಿಯ ಯಾವ ಬಾವಿಯಲ್ಲಿ ಬೇಸಗೆಯಲ್ಲಿಯೂ ನೀರಿರುತ್ತದೆ, ಯಾವ ಓಣಿಯಲ್ಲಿ ವಾಹನ ತಿರುಗುವುದಿಲ್ಲ ಎಂಬುದೆಲ್ಲವೂ ಕಾಕಾ ಅವರಿಗೆ ಬಾಯಿಪಾಠವಾಗಿತ್ತು. ಅದನ್ನು ಅವರು ಕಲಿತದ್ದು ಮೇಳದೊಡನೆ ಊರೂರು ತಿರುಗಿದಾಗ! ಮೆರವಣಿಗೆಯಲ್ಲಿ ಸನಾದಿ ಊದುತ್ತಲೇ ಅವರ ಕಣ್ಣು ಬಾವಿ ಕೆರೆಗಳನ್ನೂ ಸಂದಿಗೊಂದಿಗಳನ್ನೂ ಗುರುತಿಸಿಕೊಳ್ಳುತ್ತಿತ್ತು. ಢಕ್ಕೆಯ ಬೊಮ್ಮಣ್ಣನವರೂ ಕಿನ್ನರಿ ಬ್ರಹ್ಮಯ್ಯನವರೂ ವಾದ್ಯವನ್ನೇ ಕಾಯಕವಾಗಿಸಿಕೊಂಡ ಶರಣರು. ಈ ನಮ್ಮ ಹಿರಿಯರಲ್ಲಿ ಎರಡು ಕಾಯಕಗಳು ಒಂದಕ್ಕೊಂದು ಹೆಗಲು ಕೊಟ್ಟಿದ್ದವು.

ಸನಾದಿಯು ಉಸಿರಿನ ವಾದ್ಯ. ನಾದ ಕಡಿಯದಂತೆ ನುಡಿಸುವವರು ಕೆನ್ನೆಯಲ್ಲಿ ಗಾಳಿಯನ್ನು ತುಂಬಿಟ್ಟುಕೊಂಡು, ಅದನ್ನು ಹೊರದೂಡುತ್ತಿರುವಾಗಲೇ ಮೂಗಿನಿಂದ ಉಸಿರೆಳೆದುಕೊಳ್ಳಬೇಕು. ವರ್ಷಗಟ್ಟಲೆ ಸಾಧಿಸಿದ ಈ ವಿದ್ಯೆಯನ್ನು ಕಾಕಾ ಅವರಿಂದ ಕಸಿದುಕೊಂಡದ್ದು ಹೊಗೆ. ಹತ್ತಿಯ ಗಿರಣಿಯೊಂದಕ್ಕೆ ಬಿದ್ದ ಬೆಂಕಿಯನ್ನು ನಂದಿಸಲು ಒಂದು ಹಗಲು, ಒಂದು ರಾತ್ರಿ ಒಳಗಿದ್ದು ಬಂದ ಮೇಲೆ ಅವರ ಎದೆ ಮೊದಲಿನಂತಾಗಲಿಲ್ಲ. ಉಸಿರು ನಿಲ್ಲದಾದಾಗ ಅವರು ಮೇಳವನ್ನು ಬಿಡಲಿಲ್ಲ. ಸನಾದಿಯನ್ನು ಕೆಳಗಿಟ್ಟು ತಾಳವನ್ನು ಹಿಡಿದರು. ಮುಂದೆ ನಿಂತು ನುಡಿಸುತ್ತಿದ್ದವರು ಹಿಂದಿನ ಸಾಲಿಗೆ ಸರಿಯುವುದು ಸುಲಭದ ಮಾತಲ್ಲ. ತಮ್ಮ ವಾದ್ಯವನ್ನು ಓಣಿಯ ಹುಡುಗನೊಬ್ಬನ ಕೈಗಿತ್ತು, ಸಂಜೆ ಸಂಜೆಗೆ ಕಟ್ಟೆಯ ಮೇಲೆ ಕೂಡಿಸಿ, ಬಾಯಿಯಿಂದ ಸ್ವರ ಹೇಳಿಕೊಟ್ಟು ಅವನನ್ನು ತಿದ್ದಿದರು.

ಪ್ರತಿವರ್ಷ ಏಪ್ರಿಲ್ 14ರಂದು ಅವರು ಮಡಿ ಅಂಗಿ ತೊಟ್ಟು ಅಗ್ನಿಶಾಮಕ ಠಾಣೆಗೆ ಹೋಗಿ ಮೌನವಾಗಿ ನಿಂತು ಬರುತ್ತಿದ್ದರು. 1944ರ ಆ ದಿನ ಮುಂಬಯಿಯ ವಿಕ್ಟೋರಿಯಾ ಗೋದಿಯಲ್ಲಿ ನಿಂತಿದ್ದ 'ಫೋರ್ಟ್ ಸ್ಟೈಕೀನ್' ಎಂಬ ಹಡಗಿಗೆ ಬೆಂಕಿ ಬಿದ್ದಿತು. ಅದರಲ್ಲಿ ಹತ್ತಿಯ ಅಂಡಿಗೆಗಳೂ ಇದ್ದವು, ಸಿಡಿಮದ್ದೂ ಇದ್ದಿತು. ಬೆಂಕಿ ಆರಿಸಲು ಹೋದವರು ಅಲ್ಲಿಂದ ಕದಲಲಿಲ್ಲ. ಹಡಗು ಸಿಡಿದಾಗ ಅಗ್ನಿಶಾಮಕ ದಳದ 66 ಮಂದಿ ಮಡಿದರು. ಅವರ ನೆನಪಿಗಾಗಿಯೇ ಆ ದಿನವನ್ನು ದೇಶದಲ್ಲೆಲ್ಲ ಅಗ್ನಿಶಾಮಕ ಸೇವಾ ದಿನವೆಂದು ಆಚರಿಸುತ್ತಾರೆ. "ಹತ್ತಿ ಬೆಂಕಿ ಒಳಗ ಕೂತು ಕಾಯತೈತ್ರಿ" ಎಂದು ಹೇಳುವಾಗ ಕಾಕಾ ಅವರ ದನಿ ತಗ್ಗುತ್ತಿತ್ತು.

1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆ ಹೊತ್ತಿ ಉರಿದು 92 ಜನರು ಅಸುನೀಗಿದ ಸುದ್ದಿಯನ್ನು ಹಿರಿಯ ಓದುಗರು ಮರೆತಿರಲಾರರು. ಸತ್ತವರಲ್ಲಿ ಹೆಚ್ಚಿನವರು ಮಕ್ಕಳು. ಅಂದಿನಿಂದ ಕಾಕಾ ಯಾವ ಮದುವೆಯ ಹಂದರಕ್ಕೆ ಹೋದರೂ ಮೊದಲು ಹಿಂದಿನ ದಾರಿ ತೆರೆದಿದೆಯೇ ಎಂದು ನೋಡುತ್ತಿದ್ದರು. ಒಮ್ಮೆ ಹಳ್ಳಿಯೊಂದರಲ್ಲಿ ಬೀಗರು ಬಣವಿಗಳ ಪಕ್ಕದಲ್ಲಿಯೇ ಪಟಾಕಿಯ ಸರ ಹಚ್ಚಲು ಮುಂದಾದರು. ಕಾಕಾ ತಾಳ ನಿಲ್ಲಿಸಿದರು, ಮೇಳವೂ ನಿಂತಿತು. ಹಿರಿಯರು ಮುನಿದು ಎಷ್ಟು ಗದರಿದರೂ ಅವರು ಜಗ್ಗಲಿಲ್ಲ. ಸಂಚಕಾರದ ಹಣವನ್ನು ಕಟ್ಟೆಯ ಮೇಲಿಟ್ಟು, "ಪಟಾಕಿ ಬಯಲಿಗೆ ಒಯ್ಯರಿ, ಇಲ್ಲಾಂದ್ರ ನಾವು ಊರಿಗೆ ಹೊಂಟ್ವಿ" ಎಂದರು. ಕೊನೆಗೆ ಮದುಮಗಳ ಸೋದರಮಾವನೇ ಪಟಾಕಿಯ ಡಬ್ಬಿಗಳನ್ನು ಹೊತ್ತು ಬಯಲಿಗೆ ನಡೆದನು. ಸನಾದಿ ಮತ್ತೆ ನುಡಿಯಿತು.

ನಮ್ಮ ತಾಯಂದಿರಿಗೆ ಅವರು ಹೇಳುತ್ತಿದ್ದ ಮಾತುಗಳನ್ನು ಇಲ್ಲಿ ದಾಖಲಿಸುವುದು ಉಚಿತ. ಅಡುಗೆಯ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದಾಗ ನೆಲದ ಮಟ್ಟದಲ್ಲಿ ತುಂಬಿಕೊಳ್ಳುತ್ತದೆ. ವಾಸನೆ ಬಂದರೆ ದೀಪದ ಗುಂಡಿಯನ್ನು ಮುಟ್ಟದೆ, ರೆಗ್ಯುಲೇಟರನ್ನು ಬಂದ್ ಮಾಡಿ, ಬಾಗಿಲು ಕಿಟಕಿಗಳನ್ನು ತೆರೆಯಬೇಕು. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರನ್ನು ಸುರಿಯಲೇಬಾರದು. ಒಲೆಯನ್ನು ಆರಿಸಿ ಮುಚ್ಚಳವನ್ನು ಮುಚ್ಚಬೇಕು. ಸೀರೆಗೆ ಕಿಡಿ ತಗುಲಿದರೆ ಓಡದೆ ನೆಲಕ್ಕೆ ಉರುಳಬೇಕು. ಹತ್ತಿರವಿದ್ದವರು ಕಂಬಳಿ ಸುತ್ತಬೇಕು. ಸುಟ್ಟ ಗಾಯಕ್ಕೆ ಮಸಿ, ತುಪ್ಪಗಳನ್ನು ಬಳಿಯದೆ ಸುಮಾರು 20 ನಿಮಿಷ ತಣ್ಣೀರನ್ನು ಹರಿಸಿ ವೈದ್ಯರಲ್ಲಿಗೆ ಒಯ್ಯಬೇಕು. 101 ಅಥವಾ 112ಕ್ಕೆ ಕರೆ ಮಾಡುವಾಗ ಗಾಬರಿಯಲ್ಲಿ ಊರಿನ ಹೆಸರು, ದಾರಿಯ ಗುರುತುಗಳನ್ನು ಹೇಳಲು ಮರೆಯಬಾರದು.

ಅಂತಿಮಯಾತ್ರೆಯ ದಿನ ವಿಮಾನದ ಮುಂದೆ ಭಜನೆಯವರು, ಅವರ ಹಿಂದೆ ಕರಡಿ ಮಜಲು ಸಾಗಿದವು. ಠಾಣೆಯ ಸಿಬ್ಬಂದಿಯೂ ಬಂದು ವಂದನೆ ಸಲ್ಲಿಸಿದರು. ಹಿಂದೆ ಹನ್ನೊಂದು ಜನರಿದ್ದ ಆ ಮೇಳದಲ್ಲಿ ಈಗ ಉಳಿದವರು ಐವರು. ಸನಾದಿ ನುಡಿಸಿದವನು ಕಾಕಾ ತಿದ್ದಿದ ಆ ಹುಡುಗನೇ. ಈಗ ಅವನ ತಲೆಯಲ್ಲೂ ನರೆ ಮೂಡಿದೆ. ಕಾಕಾ ಅವರ ಧರ್ಮಪತ್ನಿಯವರು ನಮ್ಮೊಡನೆ ಹೇಳಿದ ಮಾತೊಂದು ಇನ್ನೂ ಕಿವಿಯಲ್ಲಿದೆ: "ಊರಿಗೆಲ್ಲಾ ಅವರ ಕೈ ಸಿಕ್ತು, ಮನಿಗೆ ಅವರ ಕೆಮ್ಮು ಉಳೀತ್ರಿ." ಆ ತಾಯಿಯ ಮಾತಿನಲ್ಲಿ ದೂರು ಇರಲಿಲ್ಲ. ರಾತ್ರಿಯಿಡೀ ಎಚ್ಚರವಿದ್ದು ಎದೆ ನೀವಿದ ಆಕೆಯ ಪಾಲೂ ಆ ಸೇವೆಯಲ್ಲಿ ಸೇರಿದೆ ಎಂಬುದನ್ನು ಸಮಾಜವು ತಿಳಿಯಬೇಕು.

ಬಂಧುಗಳೇ, ಇಂಥವರಿಗೆ ಕಲ್ಲಿನ ಸ್ಮಾರಕ ಬೇಕಿಲ್ಲ. ಬೇಸಗೆ ಬರುವ ಮುನ್ನ ಬಣವಿಗಳನ್ನು ಮನೆಯಿಂದ ದೂರ ಒಟ್ಟೋಣ. ಹಂದರಕ್ಕೆ ಎರಡು ದಾರಿಗಳನ್ನು ಬಿಡೋಣ. ಮನೆಯಲ್ಲಿ ಶುಭಕಾರ್ಯ ಬಂದಾಗ ಊರಿನ ಕರಡಿ ಮಜಲಿನವರನ್ನು ಮೊದಲು ಕರೆದು, ತಕ್ಕ ಸಂಭಾವನೆ ಕೊಟ್ಟು ಗೌರವಿಸೋಣ. ಐದು ಜನರ ಮೇಳ ಆರಾಗಲಿ, ಆರು ಏಳಾಗಲಿ. ಶರಣು ಶರಣಾರ್ಥಿ.