ಹಗ್ಗಕ್ಕೆ ಇನ್ನೊಂದು ಮೊಳ

ಬಾವಿ ಒಂದೇ ದಿನದಲ್ಲಿ ಬತ್ತುವುದಿಲ್ಲ. ಬಗ್ಗಿ ನೋಡಿ ಹೋಗುವವರ ಕಣ್ಣಿಗೆ ತಳದಲ್ಲಿ ನೀರು ಹೊಳೆಯುತ್ತಲೇ ಇರುತ್ತದೆ. ಮೊದಲು ಗೊತ್ತಾಗುವುದು ದಿನಾ ಸೇದುವ ಕೈಗೆ. ಹೋದ ವರ್ಷ ಸಾಕಾಗುತ್ತಿದ್ದ ಹಗ್ಗಕ್ಕೆ ಈ ವರ್ಷ ಇನ್ನೊಂದು ಮೊಳ ಸೇರಿಸಬೇಕಾಗುತ್ತದೆ. ಕನ್ನಡ ಕ್ರೈಸ್ತ ಸಭೆಗಳ ಬಗ್ಗೆ ಇವತ್ತು ನಾವು ಆಡಬೇಕಾಗಿರುವುದು ಈ ಒಂದು ಮೊಳದ ಮಾತನ್ನು.

ಮೇಲಿನಿಂದ ನೋಡಿದರೆ ಕೊರತೆಯೇನೂ ಕಾಣುವುದಿಲ್ಲ. ಭಾನುವಾರದ ಆರಾಧನೆಗೆ ಜನ ಬರುತ್ತಾರೆ. ಕ್ರಿಸ್‌ಮಸ್ ದಿನ ಬೆಂಚು ಸಾಲದೆ ಅಂಗಳದಲ್ಲಿ ಕುರ್ಚಿ ಹಾಕುತ್ತೇವೆ. ಸುಗ್ಗಿ ಹಬ್ಬದ ಏಲಂ ಚೆನ್ನಾಗಿಯೇ ನಡೆಯುತ್ತದೆ. ಆದರೆ ವಾರದ ಉಳಿದ ಆರು ಸಂಜೆ ನಮ್ಮ ಮನೆಗಳಲ್ಲಿ ಏನು ನಡೆಯುತ್ತಿದೆ? ಅನೇಕ ಮನೆಗಳಲ್ಲಿ ಅಜ್ಜಿಯೊಬ್ಬರೇ ಒಳಕೋಣೆಯಲ್ಲಿ ಸತ್ಯವೇದ ತೆರೆದು, ಬೆರಳಿನಿಂದ ಸಾಲು ಹಿಡಿದು ಓದಿ, ಮೆಲುದನಿಯಲ್ಲಿ ಮಕ್ಕಳು ಮೊಮ್ಮಕ್ಕಳ ಹೆಸರೆತ್ತಿ ಪ್ರಾರ್ಥಿಸುತ್ತಾರೆ. ಹೆಸರು ಕರೆಸಿಕೊಂಡವರು ಹೊರಗೆ ಟಿವಿಯ ಮುಂದೆ, ಮೊಬೈಲಿನ ಮುಂದೆ ಇರುತ್ತಾರೆ.

ಕೆಲವು ತಿಂಗಳ ಹಿಂದೆ ಒಂದು ಸಭೆಯ ದೃಢೀಕರಣ ತರಗತಿಯಲ್ಲಿ ಕೂತಿದ್ದೆ. ಜಾಣ ಮಕ್ಕಳು. ಹತ್ತು ಆಜ್ಞೆಗಳನ್ನು ತಡವರಿಸದೆ ಒಪ್ಪಿಸಿದರು. ಕೊನೆಯಲ್ಲಿ, “ನಿಮ್ಮ ಪಕ್ಕದ ಮನೆಯ ಗೆಳತಿ, ಯೇಸು ನಿನಗೆ ಯಾರು ಎಂದು ಕೇಳಿದರೆ ಏನು ಹೇಳುತ್ತೀರಿ?” ಎಂದು ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಒಬ್ಬಳು ಹುಡುಗಿ ಪ್ರಾಮಾಣಿಕವಾಗಿ ಹೇಳಿದಳು: “ಇದನ್ನು ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ ಅಂಕಲ್.” ಆ ಮಗುವಿನ ತಪ್ಪು ಅದರಲ್ಲಿ ಏನೂ ಇರಲಿಲ್ಲ. ಕೇಳಿಸಿಕೊಳ್ಳದ ಮಾತನ್ನು ಯಾರು ತಾನೇ ಆಡಬಲ್ಲರು?

ಮತ್ತಾಯನ ಸುವಾರ್ತೆಯ ಕೊನೆಯಲ್ಲಿ ಕರ್ತನು ಕೊಟ್ಟ ಅಪ್ಪಣೆ ಶಿಷ್ಯರನ್ನು ಮಾಡಿರಿ ಎಂಬುದು. ದೀಕ್ಷಾಸ್ನಾನ, ಉಪದೇಶ ಎರಡೂ ಆ ಮಾತಿಗೆ ಸೇರಿಕೊಂಡೇ ಬರುತ್ತವೆ. ನಾವು ದೀಕ್ಷಾಸ್ನಾನದ ದಾಖಲೆಯನ್ನು ಜೋಪಾನವಾಗಿ ಇಟ್ಟುಕೊಂಡು, ಉಪದೇಶವನ್ನು ಹದಿನೈದರ ವಯಸ್ಸಿಗೇ ಮುಗಿಸಿಬಿಟ್ಟಿದ್ದೇವೆ. ಬಿಷಪ್ಪರು ತಲೆಯ ಮೇಲೆ ಕೈಯಿಟ್ಟ ದಿನವೇ ಬಹಳ ಮಕ್ಕಳಿಗೆ ಪಾಠದ ಕೊನೆಯ ದಿನವೂ ಆಗುತ್ತಿದೆ. ಪೌಲನಂಥ ಪೌಲನು ಎಫೆಸದ ಒಂದು ಸಭೆಯನ್ನು ಬೆಳೆಸಲು ಮೂರು ವರ್ಷ ಹಗಲಿರುಳು ದುಡಿದನು. ತಿಮೊಥೆಯನ ವಿಶ್ವಾಸದ ಬೇರನ್ನು ಹುಡುಕಿದಾಗ ಅವನು ನೆನೆದದ್ದು ಅಜ್ಜಿ ಲೋವಿಯನ್ನು, ತಾಯಿ ಯೂನಿಕೆಯನ್ನು. ಶಿಷ್ಯತ್ವದ ಮೊದಲ ಶಾಲೆ ಅಡುಗೆಮನೆಯ ಪಕ್ಕದಲ್ಲೇ ಇತ್ತು.

ಇಲ್ಲಿ ಭಾಷೆಯ ಮಾತನ್ನೂ ಹೇಳಲೇಬೇಕು. ಮಗು ಇಂಗ್ಲಿಷಿನಲ್ಲಿ ಯೇಸುವನ್ನು ಅರಿತರೆ ನಮಗೆ ಸಂತೋಷವೇ. ದೇವರಿಗೆ ಎಲ್ಲ ಭಾಷೆಯೂ ಬರುತ್ತದೆ. ಆದರೆ ಎದುರುಮನೆಯ ಅಮ್ಮನಿಗೆ, ಹೂ ಮಾರುವವಳಿಗೆ, ಜೊತೆಗೆ ಬಸ್ಸಿನಲ್ಲಿ ಓಡಾಡುವವನಿಗೆ ನಮ್ಮ ಒಳಗಿನ ಭರವಸೆಯನ್ನು ತಿಳಿಸಬೇಕಾದರೆ ಅವರ ಮಾತು ನಮ್ಮ ನಾಲಿಗೆಯಲ್ಲಿ ಇರಬೇಕು. ಅದು ಕೆಲವು ಊರಲ್ಲಿ ಕನ್ನಡ, ಕರಾವಳಿಯ ಮನೆಗಳಲ್ಲಿ ತುಳು. ಮನೆಯ ಪ್ರಾರ್ಥನೆ ನಿಂತಾಗ ಮೊದಲು ಕಳೆದುಹೋಗುವುದು ಈ ಮಾತೇ.

ನಮಗೆ ಸುವಾರ್ತೆ ತಂದವರು ಇದನ್ನು ಬಲ್ಲವರಾಗಿದ್ದರು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಭಾಷಾಂತರಕ್ಕೆ ಕೂತರು. 1831ರ ಹೊತ್ತಿಗೆ ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾಗಿತ್ತು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಅದರ ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಅಚ್ಚಿಗೆ ತಂದರು. ಫರ್ಡಿನೆಂಡ್ ಕಿಟೆಲ್ 1862ರಲ್ಲಿ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತೆಯನ್ನು ಈ ನೆಲದ ಛಂದಸ್ಸಿನಲ್ಲಿ ಹಾಡಿ, 1894ರಲ್ಲಿ ನಿಘಂಟನ್ನು ಕೊಟ್ಟರು. ರೆವರೆಂಡ್ ಉತ್ತಂಗಿ ಚನ್ನಪ್ಪನವರು ಸರ್ವಜ್ಞನ ವಚನಗಳನ್ನು ಊರೂರು ತಿರುಗಿ ಕೂಡಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕೂತವರು ಈ ಸಭಾಪಾಲಕರೇ. ಇವರೆಲ್ಲ ನೆರೆಯವನಿಗೆ ಹೇಳುವ ಮೊದಲು ನೆರೆಯವನಿಂದ ಕಲಿತರು. ಶಿಷ್ಯ ಎಂದರೆ ಕಲಿಯುವವನು ಎಂಬುದನ್ನು ಅವರ ದುಡಿಮೆಯೇ ತೋರಿಸುತ್ತದೆ.

ಕಲಿಕೆ ನಿಂತ ಕಡೆ ಸಾಕ್ಷಿ ಎರಡು ರೀತಿಯಲ್ಲಿ ಕೆಡುತ್ತದೆ. ಒಂದು, ಮೌನ. ಕಾಲ ಸೂಕ್ಷ್ಮವಾಗಿದೆ, ಬಾಯಿ ಮುಚ್ಚಿಕೊಂಡಿರುವುದೇ ಒಳ್ಳೆಯದು ಎಂಬ ಅಂಜಿಕೆ. ಇನ್ನೊಂದು, ಎರವಲು ಮಾತು. ಯಾರೋ ದೂರದ ಬೋಧಕರ ವಿಡಿಯೊ ಬರುತ್ತದೆ, ಅದರಲ್ಲಿ ರೋಗ ವಾಸಿಯಾಗುವ, ಸಾಲ ತೀರುವ ಭರವಸೆ ಇರುತ್ತದೆ, ಒಮ್ಮೊಮ್ಮೆ ಬೇರೆಯವರ ದೇವರ ನಿಂದೆಯೂ ಇರುತ್ತದೆ. ನೋಡಿದವರು ಯೋಚಿಸದೆ ನೆರೆಯವರಿಗೆ ಕಳಿಸುತ್ತಾರೆ. ಮೊದಲನೆಯದು ನಂಬಿಕೆಯನ್ನು ಬಚ್ಚಿಡುತ್ತದೆ, ಎರಡನೆಯದು ಅದರ ಮಾನ ಕಳೆಯುತ್ತದೆ.

ಸಂವಿಧಾನದ 25ನೇ ವಿಧಿ ಧರ್ಮವನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ತನ್ನ ನಂಬಿಕೆಯನ್ನು ವಿವರಿಸಿ ಹೇಳುವುದು ಆ ಹಕ್ಕಿನೊಳಗೆ ಬರುತ್ತದೆ, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತು. ನಿಜವಾದ ಶಿಷ್ಯನಿಗೆ ಈ ಗೆರೆ ಭಾರವಲ್ಲ. ಮನಸ್ಸು ತಿರುಗಿಸುವುದು ಪವಿತ್ರಾತ್ಮನ ಕೆಲಸ ಎಂದೇ ನಮ್ಮ ನಂಬಿಕೆ. ಕಂಡದ್ದನ್ನು ಹೇಳುವುದಷ್ಟೇ ನಮ್ಮ ಪಾಲು. ಅಂದ್ರೆಯನು ತನ್ನ ಮನೆಯ ಸೀಮೋನನಿಗೆ ಹೇಳಿದನು. ಫಿಲಿಪ್ಪನು ವಾದಕ್ಕೆ ನಿಲ್ಲದೆ ನತಾನಯೇಲನನ್ನು ಬಂದು ನೋಡಲು ಕರೆದನು. ಕೇಳಿದವರಿಗೆ ಸೌಮ್ಯವಾಗಿ, ಗೌರವದಿಂದ ಉತ್ತರ ಕೊಡಿ ಎನ್ನುವುದು ಪೇತ್ರನ ಬುದ್ಧಿಮಾತು. ಆಮಿಷಕ್ಕೂ ಒತ್ತಾಯಕ್ಕೂ ಅಲ್ಲಿ ಜಾಗವೇ ಇಲ್ಲ.

ಹಾಗಾದರೆ ಈಗ ಮಾಡಬೇಕಾದ್ದೇನು? ಮೊದಲು ಮನೆ. ಮಾರ್ಕನ ಸುವಾರ್ತೆಗೆ ಹದಿನಾರೇ ಅಧ್ಯಾಯ. ದಿನಕ್ಕೊಂದರಂತೆ ಹದಿನಾರು ಸಂಜೆ ಮನೆಮಂದಿಯೆಲ್ಲ ಕೂತು ಸರದಿಯಲ್ಲಿ ಗಟ್ಟಿಯಾಗಿ ಓದಲಿ. ಕನ್ನಡ ತೊಡರಿದರೆ ಅಜ್ಜಿ ತಿದ್ದಲಿ. ಓದಿದ ಮೇಲೆ ಒಬ್ಬೊಬ್ಬರೂ ತಮಗೆ ತಟ್ಟಿದ ಒಂದು ಮಾತನ್ನು ಹೇಳಲಿ.

ಎರಡನೆಯದು ಸಭೆ. ದೃಢೀಕರಣವಾದ ಪ್ರತಿ ಮಗುವಿಗೂ ರಕ್ತಸಂಬಂಧವಿಲ್ಲದ ಒಬ್ಬ ಹಿರಿಯರನ್ನು ಒಂದು ವರ್ಷದ ಮಟ್ಟಿಗೆ ಜೊತೆ ಮಾಡಿ. ತಿಂಗಳಿಗೊಮ್ಮೆ ಅವರ ಮನೆಯಲ್ಲಿ ಕಾಫಿ ಕುಡಿಯುತ್ತ ಮಾತಾಡಲಿ. ತಮ್ಮ ಸಂಶಯ, ಸೋಲು, ಉತ್ತರ ಸಿಗದ ಪ್ರಾರ್ಥನೆಗಳನ್ನೂ ಹಿರಿಯರು ಮುಚ್ಚುಮರೆಯಿಲ್ಲದೆ ಹೇಳಲಿ. ವಾರ್ಷಿಕ ಸಭೆಯಲ್ಲಿ ಜಮಾಖರ್ಚು, ಕಟ್ಟಡದ ವರದಿ ಓದುವಾಗ ಎಷ್ಟು ಮನೆಗಳಲ್ಲಿ ಪ್ರಾರ್ಥನೆ ನಡೆಯುತ್ತಿದೆ ಎಂಬ ಲೆಕ್ಕವನ್ನೂ ಕೇಳಿ. ಬೆಂಗಳೂರಿಗೆ, ಪರದೇಶಕ್ಕೆ ಹೋದ ಮಕ್ಕಳಿಗೆ ವಾರಕ್ಕೊಮ್ಮೆ ಫೋನ್ ಮಾಡಿ, ಮನೆಯ ಭಾಷೆಯಲ್ಲೇ ಅವರ ಜೊತೆ ಪ್ರಾರ್ಥಿಸಿ.

ಮೂರನೆಯದು ನಾಲಿಗೆ. ನನ್ನ ಬಾಳಿನಲ್ಲಿ ದೇವರು ಏನು ಮಾಡಿದ್ದಾನೆ ಎಂಬುದನ್ನು ಚರ್ಚಿನ ಒಳಮಾತುಗಳಿಲ್ಲದೆ, ನೆರೆಯವರಿಗೆ ಅರ್ಥವಾಗುವ ಹಾಗೆ ಮೂರು ನಿಮಿಷದಲ್ಲಿ ಹೇಳಲು ನಾವೆಲ್ಲರೂ ಕಲಿಯೋಣ. ಯುವಜನ ಕೂಟದಲ್ಲಿ, ಸ್ತ್ರೀಯರ ಕೂಟದಲ್ಲಿ ಒಬ್ಬರಿಗೊಬ್ಬರು ಹೇಳಿ ಅಭ್ಯಾಸ ಮಾಡೋಣ. ಹಾಗೆಯೇ ನೆರೆಯವರ ಹಬ್ಬ, ಹಾಡು, ದುಃಖಗಳನ್ನು ಕೇಳಿಸಿಕೊಳ್ಳುವುದನ್ನೂ ಕಲಿಯೋಣ.

ಯೆಹೋಶುವನ ಕಾಲದವರು ತೀರಿಕೊಂಡ ಮೇಲೆ ಕರ್ತನನ್ನೂ ಆತನ ಕಾರ್ಯಗಳನ್ನೂ ಅರಿಯದ ತಲೆಮಾರೊಂದು ಎದ್ದಿತೆಂದು ನ್ಯಾಯಸ್ಥಾಪಕರ ಪುಸ್ತಕ ಹೇಳುತ್ತದೆ. ಆ ನಡುವೆ ಕಳೆದದ್ದು ಒಂದೇ ಒಂದು ತಲೆಮಾರು. ಸಂಜೆಯ ಪ್ರಾರ್ಥನೆಯನ್ನು ಪುಸ್ತಕ ನೋಡದೆ, ತಡವರಿಸದೆ ಮಾಡಬಲ್ಲ ಅಜ್ಜಿಯರು ಇನ್ನೂ ನಮ್ಮ ಮನೆಗಳಲ್ಲಿದ್ದಾರೆ. ಅವರಿಗೆ ವಯಸ್ಸಾಗಿದೆ. ಇವತ್ತು ಸಂಜೆ ಟಿವಿ ಆರಿಸಿ, ಒಳಕೋಣೆಗೆ ಹೋಗಿ, ಅವರ ಪಕ್ಕದಲ್ಲಿ ಕೂತುಕೊಳ್ಳಿ. ಅವರು ನಿಮ್ಮ ಹೆಸರು ಹೇಳುವಾಗ ನೀವೂ ಅಲ್ಲಿರಿ.