ಗುಂಡಿಗೆ ಹೊಸದು, ಬಾಕಿ ಹಳೇದು

2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ದಾನಿಯೊಬ್ಬರ ಹೃದಯವನ್ನು ಮೆಟ್ರೋ ರೈಲಿನಲ್ಲಿ ಸಾಗಿಸಿದರು. ಸುದ್ದಿ ಮಾನ್ವಿ ಸೀಮೆಯ ಬಾಗಲವಾಡಕ್ಕೂ ಮುಟ್ಟಿತು. "ಹಳೇದು ತೆಗೆದು ಹೊಸದು ಕೂಡಿಸಿದ್ರ ಮುಗೀತಲ್ರಿ" ಎನ್ನುವವರೇ ಎಲ್ಲೆಡೆ.

ಮುಗಿಯುವುದಿಲ್ಲ. ಗುಂಡಿಗೆ ಹೊಸದಾದರೂ ಶ್ವಾಸಕೋಶ ಹಳೇದೇ. ತಕರಾರು ಇರುವುದು ಅಲ್ಲಿ.

ಗುಂಡಿಗೆಯ ಎಡಭಾಗ ಮೈಗೆಲ್ಲ ರಕ್ತ ದೂಡುತ್ತದೆ, ಅದರ ಗೋಡೆ ದಪ್ಪ. ಬಲಭಾಗ ಪಕ್ಕದ ಶ್ವಾಸಕೋಶಕ್ಕೆ ಮಾತ್ರ ದೂಡುತ್ತದೆ, ಗೋಡೆ ತೆಳು. ಎಡಭಾಗ ವರ್ಷಗಟ್ಟಲೆ ಸೋತರೆ ಒತ್ತಡ ಹಿಂದಕ್ಕೆ ಏರಿ, ಶ್ವಾಸಕೋಶದ ನಾಳಗಳು ಬಿಗಿದು, ಬರಬರುತ್ತಾ ಗಡುಸಾಗುತ್ತವೆ. ರೋಗಿಯ ಸ್ವಂತ ಬಲಭಾಗ ಈ ಭಾರಕ್ಕೆ ನಿಧಾನವಾಗಿ ಒಗ್ಗಿರುತ್ತದೆ. ಆರೋಗ್ಯವಂತನ ಎದೆಯಿಂದ ಬಂದ ಗುಂಡಿಗೆಗೆ ಆ ರೂಢಿ ಎಲ್ಲಿಂದ ಬರಬೇಕು? ಅದೂ ತಾಸುಗಟ್ಟಲೆ ಐಸಿನಲ್ಲಿದ್ದು ಬಂದದ್ದು. ಹೂಳು ಕಟ್ಟಿದ ಪೈಪಿಗೆ ಹೊಸ ಮೋಟಾರು ಕೂಡಿಸಿದರೆ ಏನಾಗುತ್ತದೆಂದು ತುಂಗಭದ್ರಾ ಕಾಲುವೆಯ ಕೊನೆಭಾಗದ ರೈತನಿಗೆ ಹೇಳಿಕೊಡಬೇಕಿಲ್ಲ. ಬಲಭಾಗ ಉಬ್ಬಿ ಕೈಚೆಲ್ಲುತ್ತದೆ.

ಉಪಾಯಗಳಿವೆ. ಉಸಿರಿನ ಜೊತೆ ನೈಟ್ರಿಕ್ ಆಕ್ಸೈಡ್ ಅನಿಲ ಕೊಟ್ಟು ನಾಳ ಸಡಿಲಿಸುತ್ತಾರೆ. ಮಿಲ್ರಿನೋನ್ ಔಷಧವನ್ನು ಹನಿಹನಿಯಾಗಿ ಬಿಡುತ್ತಾರೆ. ಮೆಡಿಕಲ್ ಶಾಪಿನಲ್ಲಿ ಕೆಲವರು ಅತ್ತಿತ್ತ ನೋಡಿ ಪಿಸುಗುಟ್ಟಿ ಕೇಳುವ ಸಿಲ್ಡೆನಾಫಿಲ್ ಗುಳಿಗೆಗೂ ಇಲ್ಲಿ ಮರ್ಯಾದೆಯ ಕೆಲಸವಿದೆ. ಯಾವುದಕ್ಕೂ ಬಗ್ಗದಿದ್ದರೆ ಎಕ್ಮೋ ಯಂತ್ರ ಕೆಲವು ದಿನ ಭಾರ ಹೊರುತ್ತದೆ. ಎಲ್ಲವೂ ದೊಡ್ಡ ದವಾಖಾನೆಯ, ದೊಡ್ಡ ಬಿಲ್ಲಿನ ಬಾಬತ್ತು.

ಅದಕ್ಕೇ ಕಸಿಗೆ ಮುಂಚೆ ಕುತ್ತಿಗೆಯ ರಕ್ತನಾಳದಿಂದ ನಳಿಕೆ ಇಳಿಸಿ ಶ್ವಾಸಕೋಶದ ನಾಳಗಳ ತಡೆ ಅಳೆಯುತ್ತಾರೆ. ತಡೆ 5 ವುಡ್ ಯೂನಿಟ್ ದಾಟಿ, ಔಷಧ ಕೊಟ್ಟರೂ ಇಳಿಯದಿದ್ದರೆ ಬರೀ ಹೃದಯದ ಕಸಿಗೆ ಸಾಮಾನ್ಯವಾಗಿ ಕೈಹಾಕುವುದಿಲ್ಲ. ಇಳಿಯಿತೋ, ದಾರಿ ಉಂಟು. ಇಳಿಯುವುದು ಬಿಡುವುದು ಬಹುಮಟ್ಟಿಗೆ ರೋಗಿ ಎಷ್ಟು ಬೇಗ ಬಂದ ಎಂಬುದರ ಮೇಲೆ.

ಇಲ್ಲಿ ಬೇಗ ಬರುವವರು ಯಾರು? ಬಾಗಲವಾಡದಂಥ ಊರಲ್ಲಿ ದಮ್ಮು ಹತ್ತಿದರೆ ಮೊದಲು ಕಷಾಯ, ಆಮೇಲೆ ಆರ್‌ಎಂಪಿಯ ಸೂಜಿ, ಕಾಲು ಬಾತ ಮೇಲೆ ಮಾನ್ವಿ, ಹೊಟ್ಟೆ ಊದಿದ ಮೇಲೆ ರಾಯಚೂರು. ಬೆಂಗಳೂರಿನ ಮಾತು ಬರುವಷ್ಟರಲ್ಲಿ 400 ಕಿ.ಮೀ. ದಾರಿ ಎದುರಿಗೆ, ಕಳೆದುಹೋದ ವರ್ಷಗಳು ಬೆನ್ನಿಗೆ.

ದೇಶದ ಮೊದಲ ಯಶಸ್ವಿ ಹೃದಯ ಕಸಿ 1994ರ ಆಗಸ್ಟ್ 3ರಂದು ನಡೆದದ್ದು ದಿಲ್ಲಿಯ ಏಮ್ಸ್‌ನಲ್ಲಿ, ಡಾ. ವೇಣುಗೋಪಾಲ್ ಅವರ ಕೈಯಿಂದ. ಅಂಥದೇ ಏಮ್ಸ್ ರಾಯಚೂರಿಗೂ ಬೇಕೆಂದು 2022ರ ಮೇ ತಿಂಗಳಲ್ಲಿ ಹೂಡಿದ ಧರಣಿ ಸಾವಿರ ದಿನ ದಾಟಿತು. ಬೇಡಿಕೆ ನ್ಯಾಯವಾದದ್ದೇ. ಆದರೆ ದೊಡ್ಡ ಕಟ್ಟಡ ಏಳುವವರೆಗೆ ಬಡವನ ಶ್ವಾಸಕೋಶ ಕಾಯುತ್ತದೇನ್ರಿ?

ತಾಲ್ಲೂಕು ದವಾಖಾನೆಯಲ್ಲಿ ವಾರಕ್ಕೊಂದು ದಿನ, ಸಂತೆ ದಿನವೇ ಆಗಲಿ, ಎಕೋ ಪರೀಕ್ಷೆ ತಪ್ಪದೆ ನಡೆಯಬೇಕು. ಹತ್ತು ಹೆಜ್ಜೆಗೇ ದಮ್ಮು ಹತ್ತುವವರಿಗೆ ಆರ್‌ಎಂಪಿಯೇ ಚೀಟಿ ಕೊಟ್ಟು ಅಲ್ಲಿಗೆ ಅಟ್ಟಬೇಕು. ಬೇಗ ಗೊತ್ತಾದರೆ ಬಹಳ ಮಂದಿಗೆ ಗುಳಿಗೆಯಲ್ಲೋ, ಕವಾಟದ ಚಿಕಿತ್ಸೆಯಲ್ಲೋ ದಿನ ಸಾಗುತ್ತದೆ. ಕಸಿಯೇ ಬೇಕಾದ ಒಬ್ಬಿಬ್ಬರು ನಾಳ ಗಡುಸಾಗುವ ಮುಂಚೆ ಸರದಿಗೆ ನಿಲ್ಲುತ್ತಾರೆ.

ಮೆಟ್ರೋದ ಹೃದಯವನ್ನು ಕೊಂಡಾಡಿದ ಮುಖಂಡರು ಮುಂದಿನ ಸಲ ಮಾನ್ವಿಗೆ ಬಂದಾಗ ಎಕೋ ಮಷಿನ್ ಯಾವ ಕೋಣೆಯಲ್ಲಿದೆ, ನಡೆಸುವವರು ಯಾರು ಎಂದು ಒಮ್ಮೆ ಕೇಳಲಿ.